ಕೆರೆ ದಾರಿಗೆ ಎಷ್ಟು ಗಾಳಿ?

ಎಲ್ಲರಿಗೂ ನಮಸ್ಕಾರ. ಬರುವ ಆದಿತ್ಯವಾರದ ಸೈಕಲ್ ಸವಾರಿಯ ನೋಟೀಸನ್ನು ಹೊರಗೆ ಬಾಗಿಲಿಗೆ ಅಂಟಿಸಿದ್ದೀರಿ. ಕುಂಬಳೆ, ಅನಂತಪುರ, ಮಧೂರು, ಬೇಕಲ, ವಾಪಸ್ ಕುಂಬಳೆ. ಕೆಳಗೆ ದಪ್ಪ ಅಕ್ಷರದಲ್ಲಿ ‘70 ಕಿ.ಮೀ.’ ಅಂತ ಉಂಟು. ಸಂಘದವರ ಉತ್ಸಾಹ ದೊಡ್ಡದೇ. ಆದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ದಾರಿ ಹೆದ್ದಾರಿ, ಲಾರಿಯ ಹೊಗೆ. ಅದನ್ನು ಬಿಟ್ಟುಬಿಡಿ ಮಾರಾಯ್ರೆ. ಕುಂಬಳೆಯಿಂದ ಬದಿಯಡ್ಕ ರಸ್ತೆ ಹಿಡಿದು ನಾಯ್ಕಾಪು, ಅಲ್ಲಿ ತಿರುಗಿ ಕೆರೆ ದೇವಸ್ಥಾನದ ಅನಂತಪುರ, ಮತ್ತೆ ಸೀತಾಂಗೋಳಿ, ಉಳಿಯತ್ತಡ್ಕ, ಮಧೂರು, ಕೊನೆಗೆ ಕಾಸರಗೋಡು ಪೇಟೆ. 30 ಕಿ.ಮೀ. ದಾಟುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ಕೆರೆ ಕಟ್ಟೆಯಲ್ಲಿ ಕೂತು, ಎರಡು ಸಲ ಚಾ ಕುಡಿದು, ಮಧ್ಯಾಹ್ನದ ಊಟಕ್ಕೆ ಪೇಟೆ ಸೇರಬಹುದು.

ಇನ್ನು ಇವತ್ತಿನ ಮುಖ್ಯ ತಕರಾರು. ಒಳಗೆ ಬರುವಾಗ ಜಗಲಿಯಲ್ಲಿ ನಿಲ್ಲಿಸಿದ ಸೈಕಲುಗಳ ಟಯರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಎಲ್ಲವೂ ಕಲ್ಲು! ಗಾಳಿ ಗಟ್ಟಿಯಿದ್ದಷ್ಟೂ ಸೈಕಲ್ ಹಗುರ ಓಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ನುಣುಪಾದ ಡಾಮರಿನಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ನಮ್ಮ ಒಳರಸ್ತೆ ಹಾಗಿಲ್ಲವಲ್ಲ. ಡಾಮರು ಕಿತ್ತುಹೋದಲ್ಲಿ ಜಲ್ಲಿ, ಜಲ್ಲಿ ಮುಗಿದಲ್ಲಿ ಮುರಕಲ್ಲಿನ ಹುಡಿ. ಗಟ್ಟಿ ಟಯರು ಪ್ರತಿ ಕಲ್ಲಿಗೂ ಸೈಕಲನ್ನು, ಮೇಲೆ ಕೂತವನನ್ನು ಒಟ್ಟಿಗೆ ಮೇಲಕ್ಕೆ ಎತ್ತಿ ಹಾಕುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಕುಲುಕಾಟದಲ್ಲಿ ಮುಗಿಯುತ್ತದೆ. ಟಯರು ಸ್ವಲ್ಪ ಮೆತ್ತಗಿದ್ದರೆ ಕಲ್ಲನ್ನು ತಾನೇ ನುಂಗಿ ಮುಂದೆ ಹೋಗುತ್ತದೆ.

ಇದು ಹೊಸ ಸಂಗತಿ ಏನಲ್ಲ, ಗಾಳಿ ಟಯರು ಹುಟ್ಟಿದ್ದೇ ಇದಕ್ಕೆ. ಜಾನ್ ಬಾಯ್ಡ್ ಡನ್ಲಪ್ ಅಂತ ಒಬ್ಬರು, ಬೆಲ್ಫಾಸ್ಟಿನಲ್ಲಿ ದನ, ಕುದುರೆಗಳ ಡಾಕ್ಟ್ರು. (ಇಲ್ಲಿ ಪಶುವೈದ್ಯರು ಯಾರಾದರೂ ಇದ್ದರೆ ಎದೆಯುಬ್ಬಿಸಿ ಕೂರಬಹುದು.) ಮಗನ ಮೂರು ಚಕ್ರದ ಸೈಕಲಿಗೆ ಗಟ್ಟಿ ಟಯರು, ಊರಿನ ಬೀದಿಗೆ ಕಲ್ಲುಹಾಸು. 1887ರಲ್ಲಿ ಅವರು ಒಂದು ಮರದ ಬಿಲ್ಲೆಯ ಸುತ್ತ ತೆಳು ರಬ್ಬರಿನ ಕೊಳವೆ ಸುತ್ತಿದರು, ಮೇಲೆ ಬಟ್ಟೆ ಹೊದೆಸಿ ಮೊಳೆ ಹೊಡೆದರು, ಫುಟ್‌ಬಾಲಿನ ಪಂಪಿನಿಂದ ಗಾಳಿ ತುಂಬಿದರು. ಮಗನ ಸೈಕಲಿನ ಚಕ್ರವೊಂದನ್ನು ಕಳಚಿ, ಎರಡನ್ನೂ ಅಂಗಳದಲ್ಲಿ ಉರುಳಿಸಿಬಿಟ್ಟರು. ಹಳೆಯ ಚಕ್ರ ನಡುದಾರಿಯಲ್ಲಿ ಅಡ್ಡಬಿತ್ತು. ಗಾಳಿಯದ್ದು ಅಂಗಳ ದಾಟಿ ಗೇಟಿಗೆ ಬಡಿದು ವಾಪಸ್ ಪುಟಿಯಿತು. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬವನು ಈ ಉಬ್ಬಿದ ಟಯರು ಹಾಕಿ ಬೆಲ್ಫಾಸ್ಟಿನ ಪಂದ್ಯಗಳಿಗೆ ಇಳಿದಾಗ ಜನ ನಕ್ಕರು, ಗೆದ್ದ ಮೇಲೆ ನಗು ನಿಂತಿತು. ಇದರ ಬಾಲವೊಂದುಂಟು, ಹೇಳಿಬಿಡುತ್ತೇನೆ. 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬವರು ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು. ಅದು ಹೊರಗೆ ಬಂದು ಡನ್ಲಪ್ಪರ ಪೇಟೆಂಟ್ ಬಿದ್ದುಹೋಯಿತು. ಪೇಟೆಂಟ್ ಹೋಯಿತು, ಹೆಸರು ಉಳಿಯಿತು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೆಲ್ಫಾಸ್ಟಿನಿಂದ ವಾಪಸ್ ಬರುತ್ತೇನೆ.

ಹಾಗಾದರೆ ಎಷ್ಟು ಗಾಳಿ? ಟಯರಿನ ಬದಿಯಲ್ಲಿ ಅಚ್ಚಾದ ಸಂಖ್ಯೆ ಗರಿಷ್ಠ ಮಿತಿ, ಅಷ್ಟೇ ತುಂಬಬೇಕು ಅಂತಲ್ಲ. 70 ಕಿಲೋ ತೂಕದವರು 26×1.95 ಟಯರಿಗೆ (ಚಕ್ರದ ವ್ಯಾಸ, ಟಯರಿನ ಅಗಲ, ಎರಡೂ ಇಂಚಿನಲ್ಲಿ) ಹಿಂದೆ 40ರಿಂದ 45, ಮುಂದೆ 35 ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಳತೆ, ಹಾಕಿ ಶುರುಮಾಡಿ. 700×35 (ಇದು ಮಿ.ಮೀ. ಲೆಕ್ಕ) ಆದರೆ ಹಿಂದೆ 50ರಿಂದ 55, ಮುಂದೆ 45. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ಅದಕ್ಕೇ ಈ ವ್ಯತ್ಯಾಸ. ಗಾಳಿ ಅಳೆಯುವ ಗೇಜ್ ಇಲ್ಲದವರಿಗೆ ಸ್ಕೇಲು ಸಾಕು. ಸವಾರ ಸಾಮಾನು ಸಮೇತ ಸೀಟಿನಲ್ಲಿ ಕೂರಲಿ, ಇನ್ನೊಬ್ಬರು ನೆಲದಿಂದ ರಿಮ್ಮಿನ ಅಂಚಿಗೆ ಕೂರುವ ಮೊದಲೊಮ್ಮೆ, ಕೂತ ಮೇಲೊಮ್ಮೆ ಅಳೆಯಲಿ. ಟಯರಿನ ಎತ್ತರದಲ್ಲಿ ಶೇಕಡಾ 15ರಷ್ಟು ತಗ್ಗಬೇಕು. 50 ಮಿ.ಮೀ. ಟಯರಾದರೆ ಏಳೆಂಟು ಮಿ.ಮೀ. ಅದಕ್ಕಿಂತ ತೀರಾ ಹೆಚ್ಚು ತಗ್ಗಿದರೆ ಹೊಂಡದ ಅಂಚಿಗೆ ರಿಮ್ಮು ಬಡಿದು ಟ್ಯೂಬ್ ಜಜ್ಜಿಹೋಗುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ ಅಕ್ಕಪಕ್ಕ ಎರಡು ತೂತು. ಅಂಥ ಪಂಕ್ಚರ್ ಕಂಡರೆ ಟಯರಿನಲ್ಲಿ ಮುಳ್ಳು ಹುಡುಕಬೇಡಿ, ಗಾಳಿ ಸ್ವಲ್ಪ ಹೆಚ್ಚಿಸಿ.

ಮುಳ್ಳಿನ ಪಂಕ್ಚರ್ ಬೇರೆ. ಟಯರಿನ ಮೇಲಿನ ಹೆಸರು ವಾಲ್ವಿಗೆ ಸರಿಯಾಗಿ ಬರುವ ಹಾಗೆ ಮೊದಲೇ ಕೂರಿಸಿಡಿ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಒಂದು ಗೇಣು ದೂರ ಇದ್ದರೆ ಟಯರಿನಲ್ಲೂ ಮುಳ್ಳು ಅಷ್ಟೇ ದೂರದಲ್ಲಿ, ಆಚೆ ಅಥವಾ ಈಚೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಕಥೆ. ಪ್ಯಾಚ್ ಹಚ್ಚುವಾಗ ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ ಐದು ನಿಮಿಷ ಬಿಡಿ. ಹಸಿಯಿರುವಾಗಲೇ ಅಂಟಿಸುವುದರಿಂದಲೇ ಪ್ಯಾಚ್ ಏಳುವುದು.

ಹಳೆಯ ಕಪ್ಪು ಸೈಕಲಿನವರಿಗೆ ಒಂದು ಮಾತು. ನಿಮ್ಮದು ಡನ್ಲಪ್ ವಾಲ್ವ್, ನೋಡಿ, ಡಾಕ್ಟ್ರು ಮತ್ತೆ ಬಂದರು. ಅದರೊಳಗಿನ ಸಣ್ಣ ರಬ್ಬರು ತುಂಡು, ವಾಲ್ವ್ ಟ್ಯೂಬ್ ಅನ್ನುತ್ತೇವಲ್ಲ, ಹಳತಾದರೆ ಗಾಳಿ ಮೆಲ್ಲಗೆ ಹೋಗುತ್ತದೆ. ಚಕ್ರ ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬಂದರೆ ಆ ತುಂಡು ಬದಲಾಯಿಸಿದರೆ ಸಾಕು. ಟಯರು ಕೊಳ್ಳುವಾಗಲೂ ಎಚ್ಚರ. ನಮ್ಮ 28×1½ ಟಯರಿನ ಒಳವ್ಯಾಸ 635 ಮಿ.ಮೀ., ಗೇರ್ ಸೈಕಲಿನ 700ರದ್ದು 622. ಎರಡಕ್ಕೂ ಅಂಗಡಿಯಲ್ಲಿ ‘28’ ಅನ್ನುತ್ತಾರೆ, ಒಂದಕ್ಕೊಂದು ಕೂರುವುದಿಲ್ಲ.

ಏರಿನ ವಿಷಯ. ತಗ್ಗಿನ ಬೈಲಿನಿಂದ ಗುಡ್ಡದ ಮೇಲಿನ ಪದವಿಗೆ, ಪದವಿನಿಂದ ಮತ್ತೆ ಬೈಲಿಗೆ, ನಮ್ಮ ರಸ್ತೆಗಳ ಸ್ವಭಾವವೇ ಹಾಗೆ. 26ರ ಚಕ್ರದಲ್ಲಿ ಮುಂದೆ 28, ಹಿಂದೆ 34 ಹಲ್ಲಿನ ಗೇರಿದ್ದರೆ ಪೆಡಲಿನ ಒಂದು ಸುತ್ತಿಗೆ 1.7 ಮೀಟರು ಹೋಗುತ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6 ಕಿ.ಮೀ. ನಡೆಯುವವರಿಗಿಂತ ತುಸು ಬೇಗ, ಮಂಡಿಗೆ ನೋವಿಲ್ಲ. ಕಪ್ಪು ಸೈಕಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲಿದ್ದರೆ ಅದೇ ಸುತ್ತಿಗೆ ಐದು ಮೀಟರು ದಾಟುತ್ತದೆ. ಅದರಲ್ಲಿ ಏರು ಹತ್ತುವುದು ಶೌರ್ಯ, ಇಳಿದು ದೂಡಿಕೊಂಡು ಹೋಗುವುದು ಬುದ್ಧಿವಂತಿಕೆ.

ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ಮಳೆ ಬಂದರೆ ರಿಮ್ಮು ಒರಸಿಹೋಗುವ ತನಕ ಮೊದಲ ಒಂದೆರಡು ಸುತ್ತು ಬ್ರೇಕು ಹಿಡಿಯುವುದೇ ಇಲ್ಲ, ತಿರುವಿಗೆ ಮೊದಲೇ ಶುರುಮಾಡಿ. ಮುರಕಲ್ಲಿನ ಕೆಸರು ಬ್ರೇಕಿನ ರಬ್ಬರಿನಲ್ಲಿ ಕಚ್ಚಿಕೊಂಡು ರಿಮ್ಮನ್ನು ತೇಯುತ್ತದೆ, ಸಂಜೆ ಪಿನ್ನಿನಿಂದ ಕೆದಕಿ ತೆಗೆಯಿರಿ. ತೋಟದ ನೆರಳಿನ ರಸ್ತೆಯಲ್ಲಿ ಪಾಚಿ ಕಂಡರೆ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನೇರ ಹೋಗಿ. ಇಲ್ಲೂ ಮೆತ್ತನೆ ಟಯರೇ ಹಿಡಿತ ಕೊಡುವುದು!

ಅನಂತಪುರದಲ್ಲಿ ಆತುರ ಮಾಡಬೇಡಿ. ಮುರಕಲ್ಲಿನ ತಗ್ಗು, ಅದರೊಳಗೆ ಕೆರೆ, ಕೆರೆಯ ನಡುವೆ ಗುಡಿ. 2022ರ ಅಕ್ಟೋಬರಿನಲ್ಲಿ ತೀರಿಹೋದ ಮೊಸಳೆ ಬಬಿಯಾನ ವಿಷಯ ನಿಮಗೆ ಹೇಳಬೇಕಾದ್ದಿಲ್ಲ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚುತ್ತಾರೆ, ಬೇಗ ತಲುಪಿ. ಬಿಗಿ ಚಡ್ಡಿಯ ವೀರರು ಬ್ಯಾಗಿನಲ್ಲಿ ಒಂದು ಮುಂಡು ಇಟ್ಟುಕೊಳ್ಳಿ. ದೇವಸ್ಥಾನಕ್ಕೂ ಆಯಿತು, ಬೆವರು ಒರಸುವುದಕ್ಕೂ ಆಯಿತು.

ಚೀಟಿ ಬಂತು, ಐದು ನಿಮಿಷ ಅಂತೆ. ಇನ್ನೊಂದು ದಿನದ ಸವಾರಿಗೆ ಆಗುವ, ತೆಂಕು ದಿಕ್ಕಿನ ಕವ್ವಾಯಿ ಹಿನ್ನೀರಿನ ಬಗ್ಗೆ ಹೇಳಬೇಕಿತ್ತು, ಚುಟುಕಾಗಿ ಹೇಳುತ್ತೇನೆ. ಅಲ್ಲಿನ ವಲಿಯಪರಂಬ ಕಡಲಿಗೂ ಹಿನ್ನೀರಿಗೂ ನಡುವಿನ ಸಪೂರ ಪಟ್ಟಿ, ಏರಿಲ್ಲ. ಆದರೆ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಬೀಸುತ್ತದೆ. ಬೆಳಿಗ್ಗೆ ಬಡಗು ದಿಕ್ಕಿಗೆ ಹೋಗಿ, ಮಧ್ಯಾಹ್ನ ತೆಂಕಿಗೆ ತಿರುಗಿ, ಗಾಳಿ ಬೆನ್ನಿಗೆ ಇರಲಿ. ಮನೆಗೆ ಬಂದ ಮೇಲೆ ಚೈನಿನ ಉಪ್ಪು, ಹೊಯ್ಗೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಪ್ರತಿ ಕೊಂಡಿಗೆ ಒಂದೇ ಹನಿ ಎಣ್ಣೆ. ಹೊರಗಿನದ್ದು ಒರಸಿಬಿಡಿ, ಇಲ್ಲದಿದ್ದರೆ ಹುಡಿ ಮೆತ್ತಿಕೊಳ್ಳುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ? ಇಳಿದು ಸೈಕಲನ್ನು ನಡುವೆ ಇಟ್ಟು ನಡೆಯಿರಿ. ನೀರು? ಒಬ್ಬೊಬ್ಬರಿಗೆ ಎರಡು ಬಾಟಲಿ. ಸಾಮಾನು? ಕ್ಯಾರಿಯರಿನಲ್ಲಿ, ತೂಕದ್ದು ಕೆಳಗೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವವರು ಒಂದೊಂದು ಸೆಕೆಂಡು ಕೊಟ್ಟು ನಿಲ್ಲಿಸಿ, ಸಣ್ಣ ಟಯರು ಒಡೆಯಲು ಹೊತ್ತು ಬೇಡ.

ಉಳಿದ ಪ್ರಶ್ನೆಗಳು ಜಗಲಿಯಲ್ಲಿ. ಗೇಜ್ ತಂದಿದ್ದೇನೆ. ಡನ್ಲಪ್ ವಾಲ್ವಿನವರಿಗೆ ಅದು ನಡೆಯುವುದಿಲ್ಲ, ಅವರಿಗೆ ಸ್ಕೇಲು. ಯಾರದ್ದು ಮೊದಲು?