ಟ್ರೂನಾ ಫಾಲ್ಸಾ? ಕಂಪ್ಯೂಟರ್ ಕೈಲಿ ಟಾಸ್ ಹಾಕ್ಸೋದು ಹೇಗೆ

[ದೃಶ್ಯ: ಮೈಸೂರಿನ ಮಹಾರಾಜ ಕಾಲೇಜು ಮೈದಾನ, ಟೆನಿಸ್ ಬಾಲ್ ಕ್ರಿಕೆಟ್. ಇಬ್ಬರು ಕ್ಯಾಪ್ಟನ್‌ಗಳು, ಟಾಸ್.]

ನಮಸ್ಕಾರ. ಈ ಟಾಸ್‌ಗೆ ಒಂದು ಆ್ಯಪ್ ಮಾಡೋಣ. ಟ್ರೂ ಬಂದ್ರೆ ಹೆಡ್, ಫಾಲ್ಸ್ ಬಂದ್ರೆ ಟೇಲ್. ತುಂಬಾ ಜನ ಬರೆಯೋದು ಹೀಗೆ: ಒಂದು ರ‍್ಯಾಂಡಮ್ ನಂಬರ್ ತಗೋ, ಬೆಸ ಆದ್ರೆ ಟ್ರೂ, ಸಮ ಆದ್ರೆ ಫಾಲ್ಸ್. ಇದರಲ್ಲಿ ಏನು ತಪ್ಪು ಅನ್ಸುತ್ತೆ ಅಲ್ವಾ? ಆ ನಂಬರ್ ಎಲ್ಲಿಂದ ಬರುತ್ತೆ ಅನ್ನೋದನ್ನ ಮೊದಲು ನೋಡೋಣ.

[ಸ್ಕ್ರೀನ್: ಬಿಳಿ ಹಾಳೆ, ಪೆನ್ನು]

ಲೀನಿಯರ್ ಕಾಂಗ್ರುಯೆನ್ಷಿಯಲ್ ಜನರೇಟರ್ ಅಂತ ಒಂದು ಹಳೇ ವಿಧಾನ ಇದೆ. ಹಿಂದಿನ ಸಂಖ್ಯೆಯನ್ನ ಗುಣಿಸಿ, ಕೂಡಿ, ಭಾಗಿಸಿ ಶೇಷ ಇಟ್ಕೊಳ್ಳೋದು. ನಾವು 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸೋಣ. ಶುರು 7ರಿಂದ. ಐದೇಳ್ಲಿ 35, 3 ಸೇರಿದ್ರೆ 38, ಶೇಷ 6. ಹೀಗೇ ಮುಂದುವರಿಸಿ:

7, 6, 1, 8, 11, 10, 5, 12

ಬೆಸ, ಸಮ, ಬೆಸ, ಸಮ! ಎಷ್ಟು ದೂರ ಹೋದ್ರೂ ಇದೇ. ಬೆಸವನ್ನ ಬೆಸದಿಂದ ಗುಣಿಸಿ ಬೆಸ ಕೂಡಿದ್ರೆ ಸಮ. ಸಮಕ್ಕೆ ಅದನ್ನೇ ಮಾಡಿದ್ರೆ ಬೆಸ. 16 ಸಮಸಂಖ್ಯೆ, ಹಾಗಾಗಿ ಶೇಷ ತಗೊಂಡ್ರೂ ಅದು ಬದಲಾಗಲ್ಲ. ಹಿಂದಿನ ಮ್ಯಾಚಿನ ಟಾಸ್ ನೋಡಿದ ಕ್ಯಾಪ್ಟನ್‌ಗೆ ಮುಂದಿನದು ಮೊದಲೇ ಗೊತ್ತು. ಇದು ಅನ್ಯಾಯದ ಟಾಸ್.

ಈಗ ಅದೇ ಸಂಖ್ಯೆಗಳನ್ನ ಬೇರೆ ಥರ ಕೇಳೋಣ: 8 ಅಥವಾ ಅದಕ್ಕಿಂತ ಜಾಸ್ತಿನಾ? ಫಾಲ್ಸ್, ಫಾಲ್ಸ್, ಫಾಲ್ಸ್, ಟ್ರೂ, ಟ್ರೂ, ಟ್ರೂ, ಫಾಲ್ಸ್, ಟ್ರೂ. ಬೆಸ-ಸಮದ ಥರ ಒಂದಾದ ಮೇಲೊಂದು ಅದಲುಬದಲು ಇಲ್ಲ. ಬೈನರಿಯಲ್ಲಿ, ಅಂದ್ರೆ ಸಂಖ್ಯೆಯನ್ನ ಬಿಟ್ ಅನ್ನೋ 0, 1 ಅಂಕಿಗಳಲ್ಲೇ ಬರೆದು ಹೇಳೋದಾದ್ರೆ, ಕೊನೆಯ ಬಿಟ್ ಬಿಟ್ಟು ಮೊದಲನೇ ಬಿಟ್ ಹಿಡಿದ್ವಿ.

ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ರ‍್ಯಾಂಡಮ್ ಕ್ಲಾಸ್ ಒಳಗೂ ಇದೇ ಲೆಕ್ಕ. ಗುಣಕ 25214903917, ಕೂಡೋದು 11, ಎರಡೂ ಬೆಸ. ಅದಕ್ಕೇ ಟ್ರೂ ಅಥವಾ ಫಾಲ್ಸ್ ಕೊಡೋ ಅದರ ನೆಕ್ಸ್ಟ್‌ಬೂಲಿಯನ್ 48 ಬಿಟ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನ ತಗೊಳ್ಳುತ್ತೆ. ಬರೆದವರು ಎಷ್ಟು ಯೋಚಿಸಿದ್ದಾರೆ ನೋಡಿ, ನನಗಂತೂ ಇದು ತುಂಬಾ ಇಷ್ಟ. ಸಿ ಭಾಷೆಯ ಹಳೇ ಲೈಬ್ರರಿಗಳಲ್ಲಿ ರ‍್ಯಾಂಡ್ ಫಂಕ್ಷನ್‌ನ ಕೆಳಗಿನ ಬಿಟ್‌ಗಳನ್ನ ನಂಬೋ ಹಾಗಿರಲಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಸುಲಭ: ಮ್ಯಾಥ್ ರ‍್ಯಾಂಡಮ್ ಕೊಟ್ಟಿದ್ದು (0ಯಿಂದ 1ರೊಳಗಿನ ಸಂಖ್ಯೆ) 0.5ಕ್ಕಿಂತ ಕಮ್ಮಿನಾ ಅಂತ ಕೇಳಿ. ಪೈಥಾನ್‌ನಲ್ಲಿ ಗೆಟ್‌ರ‍್ಯಾಂಡ್‌ಬಿಟ್ಸ್‌ಗೆ 1 ಕೊಡಿ, ಒಂದು ಬಿಟ್ ಸಿಗುತ್ತೆ: 1 ಬಂದ್ರೆ ಟ್ರೂ, 0 ಬಂದ್ರೆ ಫಾಲ್ಸ್. ಅದರ ಹಿಂದಿರೋದು 1997ರ ಮರ್ಸೆನ್ ಟ್ವಿಸ್ಟರ್ ಅನ್ನೋ ರ‍್ಯಾಂಡಮ್ ನಂಬರ್ ವಿಧಾನ, ಮೈದಾನದ ಟಾಸ್‌ಗೆ ಧಾರಾಳ ಸಾಕು.

ಸೈಟ್ ಹಂಚೋ ಲಾಟರಿಗೆ ಮಾತ್ರ ಸಾಲದು. ಮರ್ಸೆನ್ ಟ್ವಿಸ್ಟರ್ ಕೊಡೋ 32 ಬಿಟ್‌ನ 624 ಸಂಖ್ಯೆಗಳನ್ನ ಸಾಲಾಗಿ ನೋಡಿದವರು ಮುಂದಿನದ್ದನ್ನೆಲ್ಲಾ ಲೆಕ್ಕ ಹಾಕಿ ಹೇಳಬಹುದು. ಅಲ್ಲಿ ಸೀಕ್ರೆಟ್ಸ್ ಮಾಡ್ಯೂಲ್‌ನ ರ‍್ಯಾಂಡ್‌ಬಿಟ್ಸ್ ಬಳಸಿ. ಪೈಥಾನ್ 3.6ರಿಂದ ಅದು ಜೊತೆಗೇ ಬರುತ್ತೆ, ಬಿಟ್‌ಗಳನ್ನ ನೇರ ಆಪರೇಟಿಂಗ್ ಸಿಸ್ಟಮ್‌ನಿಂದ ತರುತ್ತೆ.