ಸುಮ್ಮನಿರದ ಬೆರಳು

ಕೇಳುಗರಿಗೆ ನಮಸ್ಕಾರ.

ಈಗ ನಿಮ್ಮ ಕೈ ಏನು ಮಾಡುತ್ತಿದೆ, ಒಮ್ಮೆ ನೋಡಿಕೊಳ್ಳಿ. ಪೆನ್ನಿನ ತಲೆ ಒತ್ತುತ್ತಿದೆಯೇ? ಕೂದಲಿನ ಎಳೆ ಸುತ್ತುತ್ತಿದೆಯೇ? ನೀವು ಹೇಳಿ ಮಾಡಿಸಿದ್ದಲ್ಲ, ತಾನಾಗಿ ನಡೆದಿದೆ.

ನಾನು ಉಗುರು ಕಚ್ಚುತ್ತಿದ್ದವನು. ಶುರುವಾದದ್ದು ಶಾಲೆಯಲ್ಲಿ, ಪ್ರಶ್ನೆಪತ್ರಿಕೆ ಕೈಗೆ ಬರುವುದನ್ನು ಕಾಯುತ್ತಿದ್ದ ಐದು ನಿಮಿಷದಲ್ಲಿ. ಆಮೇಲೆ ಕಾಯುವ ಹೊತ್ತೆಲ್ಲ ಉಗುರಿನ ಹೊತ್ತಾಯಿತು. ಮೂವತ್ತು ವರ್ಷ ಬಿಡಲಿಲ್ಲ. 'ನಾಳೆಯಿಂದ ಇಲ್ಲ' ಎಂದು ಎಷ್ಟು ಸಲ ಪಣ ತೊಟ್ಟೆನೋ! ಪಣ ತೊಡುವುದು ಮನಸ್ಸು. ಕಚ್ಚುವ ಹೊತ್ತಿನಲ್ಲಿ ಆ ಮನಸ್ಸು ಅಲ್ಲಿರುವುದೇ ಇಲ್ಲ.

ನಮ್ಮ ಭಾಷೆಯಲ್ಲಿ ಸಂಗೀತಾಭ್ಯಾಸವೂ ಅಭ್ಯಾಸ, ಉಗುರು ಕಚ್ಚುವುದೂ ಅಭ್ಯಾಸ. ಈ ಒಂದೇ ಪದ ಎಷ್ಟು ಸರಿ ಎಂದು ನನಗೆ ತಡವಾಗಿ ಹೊಳೆಯಿತು. ಒಂದೇ ಸನ್ನಿವೇಶದಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ನಡೆದರೆ, ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಅದನ್ನು ಒಂದು ಕಟ್ಟಾಗಿ ಕಟ್ಟಿಡುತ್ತದೆ. ಅದು ಬೇಕಾದದ್ದೋ ಬೇಡದ್ದೋ ಎಂದು ಕೇಳುವುದಿಲ್ಲ. ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ತಾವೇ ಆರಿಸಿಕೊಂಡ ಒಂದು ಒಳ್ಳೆಯ ಕೆಲಸವನ್ನು ದಿನಕ್ಕೊಮ್ಮೆ ಮಾಡಲು ಹೇಳಿ, 12 ವಾರ ಗಮನಿಸಿದರು. ಅದು ರೂಢಿಯಾಗಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ಸಾಲಾಗಿ ನಿಲ್ಲಿಸಿ ನೋಡಿದರೆ ನಡುವಿನವರಿಗೆ 66 ದಿನ. ಅವರದು ದಿನಕ್ಕೊಂದೇ ಸಲದ ಸಾಧನೆ. ನನ್ನ ಬೆರಳಿನದು ದಿನಕ್ಕೆ ಎಷ್ಟು ಸಲವೋ, ಲೆಕ್ಕ ಇಟ್ಟವರು ಯಾರು?

ಬಿಡುವ ದಾರಿ ತೋರಿಸಿದವರು ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು, 1973ರಲ್ಲಿ. ಮೊದಲು ಗಮನಿಸು, ಆಮೇಲೆ ಅದೇ ಕೈಗೆ ಬೇರೆ ಕೆಲಸ ಕೊಡು. ಗಮನಿಸಿದೆ. ಬೆರಳು ಬಾಯಿಗೆ ಹೋಗುವ ಮೊದಲು ಇನ್ನೊಂದು ಸಂಗತಿ ನಡೆಯುತ್ತಿತ್ತು: ತೋರುಬೆರಳು ಹೆಬ್ಬೆರಳಿನ ಉಗುರಂಚನ್ನು ಮೆಲ್ಲಗೆ ಸವರಿ ನೋಡುತ್ತಿತ್ತು. ನುಣುಪಾಗಿದ್ದರೆ ಸುಮ್ಮನಾಗುತ್ತಿತ್ತು. ಒಂದಿಷ್ಟು ತರಿ ಸಿಕ್ಕಿತೋ, ಕೈ ಮೇಲೇಳುತ್ತಿತ್ತು. ಮೂವತ್ತು ವರ್ಷ ನನ್ನದೇ ಬೆರಳು ನಡೆಸಿದ ಈ ಹುಡುಕಾಟ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಆ ಸವರುವಿಕೆ ಶುರುವಾದೊಡನೆ ಮುಷ್ಟಿ ಬಿಗಿಯುತ್ತೇನೆ, ಒಂದೆರಡು ನಿಮಿಷ ಹಾಗೇ ಹಿಡಿದಿರುತ್ತೇನೆ.

ಈ ಮಾತುಗಳನ್ನು ಬರೆಯುವಾಗ ನಾಲ್ಕು ಸಲ ಮುಷ್ಟಿ ಬಿಗಿದೆ. ಎಡಗೈ ಹೆಬ್ಬೆರಳಿನ ತುದಿಯಲ್ಲಿ ಬೆಳ್ಳಗಿನ ಒಂದು ಅಂಚು ಮೂಡಿದೆ.

ನಮಸ್ಕಾರ.