ಪೆನ್‌ಡ್ರೈವಲ್ಲಿರೋ ನಿಮ್ಮದೇ ಫೈಲ್‌ನ ಬಿಚ್ಚಿ ಓದೋದು ತಪ್ಪಾ?

[ಸ್ಕ್ರೀನ್: ಪೆನ್‌ಡ್ರೈವ್ ಫೋಲ್ಡರ್ ಓಪನ್ ಆಗಿದೆ]

ಎಲ್ರಿಗೂ ನಮಸ್ಕಾರ. ಡಿಜೆ ಸಾಫ್ಟ್‌ವೇರ್ ಬಳಸೋರಿಗೆ ಗೊತ್ತಿರತ್ತೆ, ಗಂಟೆಗಟ್ಲೆ ಕೂತು ಪ್ಲೇಲಿಸ್ಟ್ ಮಾಡಿ, ಕ್ಯೂ ಪಾಯಿಂಟ್ (ಹಾಡಲ್ಲಿ ಬೇಕಾದ ಜಾಗಕ್ಕೆ ಹಾಕೋ ಗುರುತು) ಹಾಕಿ, ಬೀಟ್‌ಗ್ರಿಡ್ (ಬೀಟ್ ಎಲ್ಲೆಲ್ಲಿ ಬೀಳತ್ತೆ ಅನ್ನೋ ಗುರುತುಗಳು) ಸರಿ ಮಾಡಿ ಆಮೇಲೆ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಕೊಡ್ತೀವಿ. ರೆಕಾರ್ಡ್‌ಬಾಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರ್‌ನೇ ತಗೊಳ್ಳಿ, ಎಕ್ಸ್‌ಪೋರ್ಟ್ ಆದ್ಮೇಲೆ ಡ್ರೈವಲ್ಲಿ ಪಯೋನೀರ್ ಅಂತ ಒಂದು ಫೋಲ್ಡರ್ ಬರತ್ತೆ, ಅದ್ರೊಳಗೆ ಎಕ್ಸ್‌ಪೋರ್ಟ್ ಡಾಟ್ ಪಿಡಿಬಿ ಅನ್ನೋ ಡೇಟಾಬೇಸ್, ಜೊತೆಗೆ ಪ್ರತಿ ಹಾಡಿಗೂ ಟೆಂಪೋ, ಬೀಟ್ ಮಾಹಿತಿ ಇರೋ ಬೇರೆ ಬೇರೆ ಅನಾಲಿಸಿಸ್ ಫೈಲ್. ಈ ಫೈಲ್‌ಗಳ ಒಳಗೆ ಏನಿದೆ ಅಂತ ಬೈಟ್ ಬೈಟ್ ಆಗಿ ಓದಿ ಬರೆದಿಟ್ಟಿರೋ ಜನ ಇದಾರೆ, ಡೀಪ್ ಸಿಮೆಟ್ರಿ ಅನ್ನೋ ಓಪನ್ ಸೋರ್ಸ್ ಗುಂಪಿನ ಡಾಕ್ಯುಮೆಂಟೇಶನ್ ಯಾರ್ ಬೇಕಾದ್ರೂ ಓದ್ಬಹುದು. ಮಿಕ್ಸ್ ಅನ್ನೋ ಫ್ರೀ ಡಿಜೆ ಸಾಫ್ಟ್‌ವೇರ್ 2.3 ವರ್ಷನ್‌ನಿಂದ ರೆಕಾರ್ಡ್‌ಬಾಕ್ಸ್ ಡ್ರೈವ್‌ನ ನೇರವಾಗಿ ಓದತ್ತೆ, ಅದು ಸಾಧ್ಯ ಆಗಿದ್ದೇ ಇಂಥ ಕೆಲಸದಿಂದ.

ಆದ್ರೆ ಕಂಪನಿ ಹೇಳಿಕೊಡದೇ ಇರೋ ಫಾರ್ಮ್ಯಾಟ್‌ನ, ಅಂದ್ರೆ ಫೈಲ್ ಒಳಗೆ ಮಾಹಿತಿ ಜೋಡಿಸಿರೋ ರೀತಿನ, ಹಿಂಗೆ ಬಿಡಿಸಿ ನೋಡೋದು ಸರಿನಾ? ನನ್ನ ಪ್ರಕಾರ ಓದೋದು ಸರಿ, ಆದ್ರೆ ಹೆಂಗೆ ಓದಿದ್ರಿ, ಯಾರ ಫೈಲ್ ಓದಿದ್ರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿರತ್ತೆ.

ಮೊದ್ಲು "ಹೆಂಗೆ" ನೋಡೋಣ.

[ಸ್ಕ್ರೀನ್: ಹೆಕ್ಸ್ ಎಡಿಟರಲ್ಲಿ ಎರಡು ಫೈಲ್ ಅಕ್ಕಪಕ್ಕ]

ಒಂದೇ ಒಂದು ಟ್ರ್ಯಾಕ್ ಎಕ್ಸ್‌ಪೋರ್ಟ್ ಮಾಡಿ. ಟೆಂಪೋನ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದನ್ನ) 128 ಇಂದ 129 ಮಾಡಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಎರಡೂ ಅನಾಲಿಸಿಸ್ ಫೈಲ್‌ನ ಹೆಕ್ಸ್ ಎಡಿಟರಲ್ಲಿ, ಅಂದ್ರೆ ಫೈಲಿನ ಬೈಟ್‌ಗಳನ್ನ ನೇರವಾಗಿ ತೋರ್ಸೋ ಟೂಲಲ್ಲಿ, ಪಕ್ಕದಲ್ಲಿಟ್ಟು ನೋಡಿದ್ರೆ ಒಂದ್ಕಡೆ 32 00 ಅಂತ ಇದ್ದಿದ್ದು ಇನ್ನೊಂದ್ಕಡೆ 32 64 ಆಗಿರತ್ತೆ. ಯಾಕಂದ್ರೆ ಟೆಂಪೋನ ನೂರರಿಂದ ಗುಣಿಸಿ ಇಟ್ಟಿರ್ತಾರೆ, 128 ಅಂದ್ರೆ 12800, ಅದನ್ನ ಹೆಕ್ಸಲ್ಲಿ (ಹದಿನಾರರ ಲೆಕ್ಕದಲ್ಲಿ) ಬರೆದ್ರೆ 3200, ಹಂಗೇ 12900 ಅಂದ್ರೆ 3264. ಬೀಟ್‌ಗಳ ಟೈಮೂ ಬದ್ಲಾಗಿರತ್ತೆ, ಅದು ಮಿಲಿಸೆಕೆಂಡಲ್ಲಿ ಪಕ್ಕದಲ್ಲೇ ಇರತ್ತೆ. ಇದ್ರಲ್ಲಿ ಕಂಪನಿ ಕೋಡ್ ಒಂದು ಸಾಲೂ ನೀವು ನೋಡ್ಲಿಲ್ಲ, ನಿಮ್ಮ ಹಾಡಿಗೆ ನೀವು ಕೊಟ್ಟ ನಂಬರ್ ಎಲ್ಲಿ ಹೋಗಿ ಕೂತಿದೆ ಅಂತ ಹುಡುಕಿದ್ರಿ ಅಷ್ಟೇ.

ಪ್ರೋಗ್ರಾಮನ್ನೇ ಬಿಡಿಸಿ (ಡಿಸ್‌ಅಸೆಂಬಲ್, ಡೀಕಂಪೈಲ್ ಅಂತಾರೆ) ಒಳಗಿನ ಕೋಡ್ ಓದೋದು ಬೇರೆ ಕಥೆ. ಯುರೋಪಲ್ಲಿ 2009ರ ಸಾಫ್ಟ್‌ವೇರ್ ಡೈರೆಕ್ಟಿವ್ ಬೇರೆ ಪ್ರೋಗ್ರಾಮ್ ಜೊತೆ ಹೊಂದಿಸೋಕೆ ಬೇಕಾದಷ್ಟು ಮಾತ್ರ, ಅದೂ ಷರತ್ತಿನ ಮೇಲೆ, ಡೀಕಂಪೈಲ್ ಮಾಡೋಕೆ ಬಿಡತ್ತೆ. ಫೈಲ್ ಫಾರ್ಮ್ಯಾಟ್ ಬಗ್ಗೆ ಅಂತೂ ಯುರೋಪಿನ ಕೋರ್ಟ್ ಆಫ್ ಜಸ್ಟಿಸ್ 2012ರಲ್ಲಿ ಎಸ್ಎಎಸ್ ಅನ್ನೋ ಸಾಫ್ಟ್‌ವೇರ್ ಕಂಪನಿಯ ಕೇಸಲ್ಲಿ ಹೇಳಿದೆ, ಪ್ರೋಗ್ರಾಮ್ ಬಳಸೋ ಡೇಟಾ ಫೈಲ್‌ನ ಫಾರ್ಮ್ಯಾಟ್‌ಗೆ ಪ್ರೋಗ್ರಾಮ್‌ಗೆ ಸಿಗೋ ಕಾಪಿರೈಟ್ ರಕ್ಷಣೆ ಸಿಗಲ್ಲ ಅಂತ. ಹಾಗಂತ ಇನ್‌ಸ್ಟಾಲ್ ಮಾಡುವಾಗ ನೀವು ಓದದೇ ಒಪ್ಕೊಂಡ ಲೈಸೆನ್ಸ್ ಅಗ್ರಿಮೆಂಟ್ ಮಾಯ ಆಗಲ್ಲ, ಅದನ್ನೂ ಒಂದ್ಸಲ ತೆಗೆದು ಓದಿ. ಇನ್ನೊಂದು, ಕಂಪನಿನೇ ದಾರಿ ಕೊಟ್ಟಿದ್ರೆ ಮೊದ್ಲು ಅದನ್ನ ಬಳಸಿ. ರೆಕಾರ್ಡ್‌ಬಾಕ್ಸ್‌ನಲ್ಲೇ ಎಕ್ಸ್‌ಎಂಎಲ್ (ತೆರೆದು ಓದಬಹುದಾದ ಟೆಕ್ಸ್ಟ್ ಫೈಲ್) ಎಕ್ಸ್‌ಪೋರ್ಟ್ ಇದೆ, ಕ್ಯೂ ಪಾಯಿಂಟೂ ಬೀಟ್‌ಗ್ರಿಡ್ಡೂ ಅದ್ರಲ್ಲಿ ಬರತ್ತೆ.

ಈಗ ಸ್ವಲ್ಪ ಕಷ್ಟದ್ದು, ಬೀಗ ಹಾಕಿದ್ರೆ ಏನ್ಮಾಡೋದು?

ರೆಕಾರ್ಡ್‌ಬಾಕ್ಸ್ 6 ಎಕ್ಸ್‌ಪೋರ್ಟ್ ಮಾಡೋ ಫ್ರೇಸ್ ಅನಾಲಿಸಿಸ್ ಅಂದ್ರೆ ಇಂಟ್ರೋ ಎಲ್ಲಿ, ಕೋರಸ್ ಎಲ್ಲಿ ಅನ್ನೋ ಮಾಹಿತಿನ ಎಕ್ಸ್‌ಓಆರ್ ಅನ್ನೋ ಸಿಂಪಲ್ ಮಾಸ್ಕ್ ಹಾಕಿ, ಅಂದ್ರೆ ಬಿಟ್‌ಗಳನ್ನ ಒಂದು ಮಾದರಿಲಿ ಅದಲುಬದಲು ಮಾಡಿ, ಕಲಸಿಟ್ಟಿದಾರೆ. ಜನ ಅದನ್ನೂ ಬಿಡಿಸಿದ್ರು. ಕಂಪ್ಯೂಟರಲ್ಲಿರೋ ಮುಖ್ಯ ಡೇಟಾಬೇಸ್ ಅಂತೂ ಎಸ್‌ಕ್ಯೂಎಲ್‌ಸೈಫರ್ ಅನ್ನೋ, ಡೇಟಾಬೇಸ್‌ಗೆ ಬೀಗ ಹಾಕೋ ಸಾಫ್ಟ್‌ವೇರ್‌ನಿಂದ ನಿಜವಾಗ್ಲೂ ಎನ್‌ಕ್ರಿಪ್ಟ್ ಆಗಿದೆ. ಅದ್ರೊಳಗಿರೋದು ನನ್ನದೇ ಪ್ಲೇಲಿಸ್ಟ್, ನನ್ನದೇ ಕ್ಯೂ, ಹಂಗಾಗಿ ನನ್ನ ಮೆಷೀನಲ್ಲಿ ನಾನು ಓದ್ಕೊಂಡ್ರೆ ನನ್ನ ಮನಸ್ಸಿಗೆ ತಪ್ಪು ಅನ್ಸಲ್ಲ, ಆದ್ರೆ ಕಾನೂನು ನನ್ನ ಮನಸ್ಸನ್ನ ಕೇಳ್ಕೊಂಡು ಕೂತಿರಲ್ಲ. ಅಮೆರಿಕದ 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾಯ್ದೆ ಬೀಗ ಮುರಿಯೋದನ್ನ ಕಾಪಿ ಮಾಡೋದಕ್ಕಿಂತ ಬೇರೆಯದೇ ತಪ್ಪು ಅಂತ ನೋಡತ್ತೆ, ಹೊಂದಾಣಿಕೆಗೆ ಅಂತ ಒಂದು ವಿನಾಯ್ತಿ ಇದ್ರೂ ಅದು ಕಿರಿದು. ಹಾಗಾಗಿ ಫಾರ್ಮ್ಯಾಟ್ ವಿವರ ಪಬ್ಲಿಷ್ ಮಾಡೋಕೆ ನಾನು ಹಿಂದೆಮುಂದೆ ನೋಡಲ್ಲ, ಡಿಕ್ರಿಪ್ಶನ್ ಕೀನ ಟೂಲ್ ಒಳಗೆ ಇಟ್ಟು ಹಂಚೋದು ಮಾತ್ರ ನಾನು ಮಾಡಲ್ಲ.

ಇಷ್ಟೆಲ್ಲಾ ಕಂಪನಿ ಬಗ್ಗೆ ಆಯ್ತು. ನಂಗೆ ಇದಕ್ಕಿಂತ ಜಾಸ್ತಿ ಚಿಂತೆ ಇರೋದು ಫೈಲ್ ಒಳಗಿರೋ ಮನುಷ್ಯರ ಬಗ್ಗೆ, ಇದನ್ನ ಮಾತಾಡೋರೇ ಕಮ್ಮಿ.

[ಸ್ಕ್ರೀನ್: ಹಿಸ್ಟರಿ ಪ್ಲೇಲಿಸ್ಟ್]

ಪ್ಲೇಯರ್‌ಗೆ ಡ್ರೈವ್ ಚುಚ್ಚಿ ಹಾಡು ನುಡಿಸಿದ್ರೆ ಆ ಪ್ಲೇಯರ್ ಹಿಸ್ಟರಿನ ವಾಪಸ್ ಅದೇ ಡ್ರೈವ್‌ಗೆ ಬರೆಯತ್ತೆ. ಯಾವ ಹಾಡಾದ್ಮೇಲೆ ಯಾವುದು, ಎಲ್ಲಾ. ಕಾಮೆಂಟ್ ಫೀಲ್ಡಲ್ಲಿ ಡಿಜೆ ತನಗೆ ಮಾತ್ರ ಅಂತ ಬರ್ಕೊಂಡಿರೋ ನೋಟ್ಸ್ ಇರತ್ತೆ, ಇನ್ನೂ ರಿಲೀಸ್ ಆಗದ ಟ್ರ್ಯಾಕ್‌ಗಳ ಹೆಸರು ಇರಬಹುದು. ಪಿಡಿಬಿಯಲ್ಲಿ ಇನ್ನೊಂದು ವಿಷ್ಯ ಇದೆ, ಡಿಲೀಟ್ ಮಾಡಿದ ಸಾಲು ತಕ್ಷಣ ಅಳಿಸಿ ಹೋಗಲ್ಲ, ಪೇಜಲ್ಲಿ "ಈ ಸಾಲು ಇದೆ" ಅನ್ನೋ ಬಿಟ್ ಆಫ್ ಆಗತ್ತೆ ಅಷ್ಟೇ, ಅಕ್ಷರ ಹಂಗೇ ಕೂತಿರಬಹುದು. ಸಾಫ್ಟ್‌ವೇರಲ್ಲಿ ಕಾಣಲ್ಲ ಅಂತ ಓನರ್ ನೆಮ್ಮದಿಯಾಗಿರ್ತಾರೆ, ಹೆಕ್ಸ್ ಎಡಿಟರ್ ಇಟ್ಕೊಂಡಿರೋ ನಿಮಗೆ ಕಾಣತ್ತೆ. ಇದು ಡಿಜೆಗಳ ಕಥೆ ಮಾತ್ರ ಅಲ್ಲ. ಮ್ಯೂಸಿಕ್ ಮಾಡೋ ಸಾಫ್ಟ್‌ವೇರ್ ಏಬಲ್ಟನ್ ಲೈವ್‌ನ ಪ್ರಾಜೆಕ್ಟ್ ಫೈಲ್ ಅಂದ್ರೆ ಜಿಜಿಪ್ ಮಾಡಿರೋ (ಒತ್ತಿ ಚಿಕ್ಕದು ಮಾಡಿರೋ) ಎಕ್ಸ್‌ಎಂಎಲ್, ಬಿಚ್ಚಿದ್ರೆ ಬಳಸಿರೋ ಸೌಂಡ್ ಫೈಲ್‌ಗಳ ಪೂರ್ತಿ ಪಾತ್ (ಕಂಪ್ಯೂಟರಲ್ಲಿ ಎಲ್ಲಿದೆ ಅನ್ನೋ ವಿಳಾಸ) ಸಿಗತ್ತೆ, ಪಾತ್‌ನಲ್ಲಿ ಯೂಸರ್‌ನೇಮ್ ಇರತ್ತೆ, ಎಷ್ಟೋ ಸಲ ಅದು ಆ ವ್ಯಕ್ತಿಯ ನಿಜವಾದ ಹೆಸರೇ.

ಹಂಗಾಗಿ ಯಾರಾದ್ರೂ "ನನ್ನ ಡ್ರೈವ್ ಓಪನ್ ಆಗ್ತಿಲ್ಲ, ನೋಡಿ ಕೊಡಿ ಸರ್" ಅಂತ ಕೊಟ್ರೆ ಅದನ್ನ ರಿಪೇರಿ ಮಾಡಿ, ಕಾಪಿ ಅಳಿಸಿ, ಸುಮ್ನಿರಿ. ನಿಮ್ಮ ಪಾರ್ಸರ್ (ಫೈಲ್ ಓದಿ ಅರ್ಥ ಮಾಡ್ಕೊಳ್ಳೋ ಟೂಲ್) ಟೆಸ್ಟ್ ಮಾಡೋಕೆ ಆ ಡ್ರೈವ್ ಬೇಕು ಅನ್ಸಿದ್ರೆ ಬಾಯಿಬಿಟ್ಟು ಕೇಳಿ, ಡಿಲೀಟ್ ಆದ ಸಾಲೂ ಕಾಣತ್ತೆ ಅಂತ ಹೇಳಿ ಕೇಳಿ, ಇಲ್ಲಾಂದ್ರೆ ಅವ್ರು ಏನಕ್ಕೆ ಒಪ್ಕೊಂಡ್ರು ಅಂತ ಅವ್ರಿಗೇ ಗೊತ್ತಿರಲ್ಲ. ಬಗ್ ರಿಪೋರ್ಟ್‌ಗೆ ಸ್ಯಾಂಪಲ್ ಫೈಲ್ ಹಾಕ್ಬೇಕಾದ್ರೆ ನೀವೇ ರೆಕಾರ್ಡ್ ಮಾಡಿದ ಎರಡ್ಮೂರು ಬೀಪ್ ಸೌಂಡ್ ಇಟ್ಟು ಹೊಸ ಡ್ರೈವ್ ತಯಾರು ಮಾಡಿ, ಅದ್ರಲ್ಲಿ ಯಾರ ಹೆಸರೂ ಇರಲ್ಲ, ಯಾರ ಹಾಡೂ ಇರಲ್ಲ.

ಕೊನೇದಾಗಿ ಬರೆಯೋ ವಿಷ್ಯ. ಓದೋ ಟೂಲ್ ತಪ್ಪು ಮಾಡಿದ್ರೆ ಸ್ಕ್ರೀನಲ್ಲಿ ಕಸ ಕಾಣತ್ತೆ, ಬರೆಯೋ ಟೂಲ್ ತಪ್ಪು ಮಾಡಿದ್ರೆ ಜನ ತುಂಬಿರೋ ಜಾಗದಲ್ಲಿ ಡ್ರೈವ್ ಲೋಡ್ ಆಗಲ್ಲ, ಬೈಗುಳ ತಿನ್ನೋದು ನೀವಲ್ಲ, ಸ್ಟೇಜ್ ಮೇಲಿರೋರು. ಅದಕ್ಕೇ ಅರ್ಥ ಆಗದೇ ಇರೋ ಬೈಟ್‌ಗಳು ಇನ್ನೂ ಇದಾವೆ ಅಂದ್ರೆ ಡಾಕ್ಯುಮೆಂಟಲ್ಲಿ "ಗೊತ್ತಿಲ್ಲ" ಅಂತಲೇ ಬರೀರಿ, ಊಹೆ ಮಾಡಿ ತುಂಬಿಸ್ಬೇಡಿ, ಟೂಲನ್ನ ರೀಡ್ ಓನ್ಲಿ ಆಗೇ ಬಿಡಿ.